ಏರ್‌ಗನ್ನಿನ ಹಿಂದಿನ ಸೈಟ್: ಮನೆಯಲ್ಲೇ ಹಾಕಿದೆ

ಕೈಲ್‌ಪೋದ್ ಬಂತೆಂದರೆ ನಮ್ಮ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಮಗ ಅಭ್ಯಾಸ ಮಾಡುವ ಏರ್‌ಗನ್ ಅಟ್ಟದಿಂದ ಬಿದ್ದು ಹಿಂದಿನ ಸೈಟ್ ಸೊಟ್ಟಗಾಯಿತು. ಹಾಗೇ ಹೊಡೆದ, ಗುಂಡು ಎಡಕ್ಕೆ ಹೋಗಿ ಕೊಟ್ಟಿಗೆ ಬಾಗಿಲಿಗೆ ಬಡಿಯಿತು. ಒಳಗೆ ಇವಳು ಹಾಲು ಕರೀತಿದ್ದಳು!

ಗುಂಡಿಲ್ಲವೆಂದು ನೋಡಿಕೊಂಡು ಸ್ಕ್ರೂ ಬಿಚ್ಚಿ ಹೊಸ ಸೈಟ್ ಕೂರಿಸಿದೆ. ನಿಜವಾದ ಕೆಲಸ ಆಮೇಲೆ. ಮಣ್ಣಿನ ದಿಬ್ಬಕ್ಕೆ ರಟ್ಟು ಒರಗಿಸಿ, 10 ಮೀಟರ್ ದೂರ ಕೂತು, ಮರಳಿನ ಚೀಲದ ಮೇಲೆ ಅಂಗೈ, ಅಂಗೈ ಮೇಲೆ ಗನ್ ಇಟ್ಟು 5 ಗುಂಡು ಹೊಡೆಯಿರಿ. ಒಂದು ತೂತು ನಂಬಬೇಡಿ, ಐದರ ನಡು ನೋಡಿ. ಗುಂಡು ಎಡಕ್ಕೆ ಬಿದ್ದರೆ ಸೈಟ್ ಬಲಕ್ಕೆ. ಕೆಳಗೆ ಬಿದ್ದರೆ ಮೇಲಕ್ಕೆ. ನಾನು ಉಲ್ಟಾ ತಿರುಗಿಸಿ ಅರ್ಧ ಡಬ್ಬಿ ಗುಂಡು ಖಾಲಿ ಮಾಡಿದೆ!

ತೋಟೆಕೋವಿಗೆ ಮಾತ್ರ ಈ ಪ್ರಯೋಗ ಬೇಡ. ಅದಕ್ಕೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರೇ ಆಗಬೇಕು.