ಚಿತ್ರಕಥೆಯ ಓದುಗನು ಯಾರು?

ಬಾರಾಮತಿಯಂಥ ಊರಿನಲ್ಲಿ ನೆಲೆಸಿದ ಕನ್ನಡ ಮನೆತನದ ಮಗು ಶಾಲೆಯಲ್ಲಿ ಮರಾಠಿಯನ್ನು ಕಲಿಯುತ್ತದೆ. ಕನ್ನಡವನ್ನು ಕಿವಿಯಿಂದ ಬಲ್ಲದು, ಕಣ್ಣಿನಿಂದ ಅರಿಯದು. ಕೈಗೊಂದು ಕನ್ನಡ ಚಿತ್ರಕಥೆ ದೊರೆತರೆ ಚಿತ್ರದ ಆಸರೆಯಿಂದ ಅಕ್ಷರವನ್ನು ಹಿಡಿಯಬಲ್ಲದು. ಆದರೆ ಹನ್ನೆರಡು ತುಂಬುವುದರೊಳಗೆ, ಇದು ಚಿಕ್ಕ ಮಕ್ಕಳ ಪುಸ್ತಕವೆಂದು ಹಿರಿಯರು ಅದನ್ನು ತೆಗೆದಿರಿಸುವುದುಂಟು. ಗದ್ಯಗ್ರಂಥವನ್ನೋದುವ ಶಕ್ತಿ ಆಗಿನ್ನೂ ಬಂದಿರುವುದಿಲ್ಲ. ಕನ್ನಡದ ಓದು ಅಲ್ಲಿಗೇ ನಿಲ್ಲುತ್ತದೆ. ಆದುದರಿಂದ ಚಿತ್ರಕಥೆಯು ಮಕ್ಕಳಿಗೋ ದೊಡ್ಡವರಿಗೋ ಎಂಬುದು ಹೊರನಾಡ ಕನ್ನಡಿಗರಿಗೆ ವಿಚಾರಾರ್ಹವಾದ ಪ್ರಶ್ನೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರ ತೋರಿಸಿ ಕಥೆ ಹೇಳುವವನ ಉಲ್ಲೇಖವಿದೆ. ರಾಜವಿನೋದಗಳನ್ನು ವರ್ಣಿಸುವ ಆ ಗ್ರಂಥವು ಬಾಲಬೋಧೆಗೆಂದು ಹುಟ್ಟಿದುದಲ್ಲ. ಮಹಾರಾಷ್ಟ್ರದ ಚಿತ್ರಕಥಿಗಳು ಎರಡು ಹಾಳೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ, ಎರಡೂ ಬದಿಗೆ ಚಿತ್ರ ಬರೆದು, ಒಂದೊಂದನ್ನೇ ತೋರಿಸುತ್ತ ರಾಮಾಯಣ ಮಹಾಭಾರತಗಳನ್ನು ಹೇಳುತ್ತಿದ್ದರು. ಅಂಥ ಚಿತ್ರಗಳನ್ನು ಪುಣೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಬಾರಾಮತಿಯಲ್ಲಿಯೇ 18ನೆಯ ಶತಮಾನದಲ್ಲಿ ಬಾಳಿದ ಮೋರೋಪಂತರು ಆರ್ಯಾವೃತ್ತದಲ್ಲಿ ಭಾರತವನ್ನು ರಚಿಸಿದರು. ಪಂಡಿತ ಕವಿಯ ವಸ್ತುವೂ ಚಿತ್ರಕಥಿಯ ವಸ್ತುವೂ ಒಂದೇ. ಸಾಧನ ಮಾತ್ರ ಬೇರೆ. ಇತ್ತ ಕನ್ನಡ ನಾಡಿನ ತೊಗಲುಗೊಂಬೆಯಾಟದಲ್ಲಿ ರಾಮನ ಕಥೆಯ ನಡುವೆ ಕಿಳ್ಳೆಕ್ಯಾತನೂ ಬಂಗಾರಕ್ಕನೂ ಬಂದು ಆಡುವ ಪೋಲಿ ಮಾತುಗಳನ್ನು ಕೇಳಿದವರಾರೂ ಅದನ್ನು ಶಿಶುರಂಜನೆಯೆನ್ನಲಾರರು!

ಹಾಗಾದರೆ ಮಕ್ಕಳದೆಂಬ ಭಾವನೆ ಎಲ್ಲಿಂದ ಬಂದಿತು? ಬಹುಮಟ್ಟಿಗೆ ಮುದ್ರಣದ ವ್ಯಾಪಾರದಿಂದ ಮತ್ತು ಭಯದಿಂದ. ಅಮೆರಿಕದ ಪತ್ರಿಕೆಗಳಲ್ಲಿ ಚಿತ್ರಮಾಲೆಗಳು ಮೊದಲು ಇಡೀ ಮನೆಯವರ ಓದಿಗಾಗಿಯೇ ಅಚ್ಚಾದವು. ಅಗ್ಗದ ಪುಸ್ತಕಗಳಲ್ಲಿ ಕೊಲೆ ಸುಲಿಗೆಗಳ ಕಥೆ ಹೆಚ್ಚಿ ಕೋಲಾಹಲವೆದ್ದಾಗ ಪ್ರಕಾಶಕರು 1954ರಲ್ಲಿ ತಮಗೆ ತಾವೇ ನಿಯಮಾವಳಿ ಹಾಕಿಕೊಂಡರು. ಪ್ರೌಢ ವಸ್ತುವಿಗೆ ಬಾಗಿಲು ಬಹುಪಾಲು ಮುಚ್ಚಿತು. ಭಾರತದಲ್ಲಿಯೂ 1956ರಲ್ಲಿ ಎಳೆಯರಿಗೆ ಹಾನಿಕರವಾದ ಪ್ರಕಟಣೆಗಳನ್ನು ಕುರಿತ ಕಾಯಿದೆ ಬಂದಿತು. ಅದರಲ್ಲಿ ಎಳೆಯರೆಂದರೆ 20 ವರ್ಷದೊಳಗಿನವರು ಎಂಬುದು ಸ್ವಾರಸ್ಯವಾದ ಸಂಗತಿ. ಮುಂದೆ 1967ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು ಮುಂಬಯಿಯಿಂದ ಆರಂಭಿಸಿದ ‘ಅಮರ ಚಿತ್ರಕಥೆ’ಯು ಮಕ್ಕಳಿಗೆ ಪುರಾಣೇತಿಹಾಸಗಳನ್ನು ತಿಳಿಸುವ ಉದ್ದೇಶದ್ದು. ಅದರ ಯಶಸ್ಸೇ ಹಳೆಯ ಭಾವನೆಯನ್ನು ಗಟ್ಟಿಗೊಳಿಸಿತೆನ್ನಬೇಕು.

ಅನ್ಯತ್ರ ಹೀಗಾಗಲಿಲ್ಲ. ಜಪಾನಿನಲ್ಲಿ 1950ರ ದಶಕದಲ್ಲಿಯೇ ವಯಸ್ಕರಿಗಾಗಿ ಗಂಭೀರ ಚಿತ್ರಕಥೆಗಳು ಮೊದಲಾದವು. ಯೆಹೂದ್ಯರ ಸಂಹಾರವನ್ನು ಇಲಿ ಬೆಕ್ಕುಗಳ ರೂಪದಲ್ಲಿ ಚಿತ್ರಿಸಿದ ಆರ್ಟ್ ಸ್ಪೀಗೆಲ್ಮನ್ನನ ‘ಮೌಸ್’ ಕೃತಿಗೆ 1992ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ಸಂದಿತು. ಅಲ್ಲಿ ಪ್ರಾಣಿಗಳಿವೆಯೆಂದು ಅದನ್ನು ಆರು ವರ್ಷದ ಮಗುವಿನ ಕೈಗೆ ಕೊಡುವಂತಿಲ್ಲ. ಪ್ರೌಢತೆಯು ವಸ್ತುವಿನದು, ಚೌಕಟ್ಟಿನದಲ್ಲ. ಕರ್ಣನನ್ನು ಕುಂತಿ ಹೊಳೆಯಲ್ಲಿ ಬಿಟ್ಟ ಚಿತ್ರವನ್ನು ಎಂಟರ ಬಾಲಕನೂ ನೋಡಿಯಾನು. ತಾಯಿಯ ಸಂಕಟ ಅವನಿಗೆ ತಿಳಿಯುವುದು ಇನ್ನೊಂದು ವಯಸ್ಸಿನಲ್ಲಿ, ಆ ಪುಸ್ತಕ ಮನೆಯಲ್ಲಿ ಆಗಲೂ ಉಳಿದಿದ್ದರೆ.