ನಮ್ಮ ಅಳತೆಗೆ ಒಂದು ಏರ್ ರೈಫಲ್

ಜಾತ್ರೆಯಲ್ಲಿ ಬಲೂನಿಗೆ ಗುರಿ ಇಡೋ ಅಂಗಡಿ ಎಲ್ಲರೂ ನೋಡಿರ್ತೀರ. ಐದು ಹೊಡೆತಕ್ಕೆ ಇಷ್ಟು ದುಡ್ಡು ಅಂತ ಕೊಟ್ಟು, ಒಂದು ಕಣ್ಣು ಮುಚ್ಚಿ ಹೊಡೀತೀವಿ. ಬಲೂನು ಒಡೆದರೆ ನಮ್ಮ ಕೈಚಳಕ, ಒಡೀಲಿಲ್ಲ ಅಂದ್ರೆ "ಈ ಬಂದೂಕೇ ಸರಿಯಿಲ್ಲ ಬಿಡ್ರಿ". ನಮ್ಮ ಸಿರಿಗೆರೆ ಕಡೆ ಜಾತ್ರೆಗಳಲ್ಲಿ ನಾನೂ ಎಷ್ಟೋ ಸಲ ಹೀಗೇ ಬೈದು ಬಂದಿದ್ದೀನಿ. ಆದರೆ ಬಂದೂಕು ಸರಿಯಿಲ್ಲವೋ, ನಾವು ಹಿಡಿದದ್ದು ಸರಿಯಿಲ್ಲವೋ ಅಂತ ಕಂಡುಹಿಡಿಯೋದು ಹೇಗೆ? ನಾಲ್ಕನೇ ಸೆಮಿಸ್ಟರ್ ಮುಗಿದ ಮೇಲಿನ ರಜೆಯಲ್ಲಿ ನನಗೆ ಇದಕ್ಕೆ ಉತ್ತರ ಸಿಕ್ಕಿತು. ಅದು ಒಳ್ಳೆ ಮಿನಿ ಪ್ರಾಜೆಕ್ಟ್ ಕೂಡ ಆಯಿತು, ಅದಕ್ಕೇ ಬರೀತಾ ಇದ್ದೀನಿ.

ನಮ್ಮ ಮನೆ ಅಟ್ಟದ ಮೇಲೆ ಚಿಕ್ಕಪ್ಪನ ಹಳೆಯ ಏರ್ ರೈಫಲ್ ಒಂದು ಬಿದ್ದಿತ್ತು. 4.5 ಮಿ.ಮೀ. ಪೆಲೆಟ್ ಹಾರಿಸೋ ಸ್ಪ್ರಿಂಗ್ ಮಾದರಿ. ಕೆಳಗೆ ಇಳಿಸಿ ಧೂಳು ಒರೆಸುವಾಗ ಚಿಕ್ಕಪ್ಪ ಬಂದು ನಿಂತರು.

"ಮೆಕ್ಯಾನಿಕಲ್ ಓದ್ತೀಯಲ್ಲಲೇ, ಒಳಗೆ ಗಟ್ಟಿ ಸ್ಪ್ರಿಂಗ್ ಹಾಕಿ ಪವರ್ ಜಾಸ್ತಿ ಮಾಡಿಕೊಡು. ಮೆಕ್ಕೆಜೋಳಕ್ಕೆ ಹಂದಿ ಕಾಟ ಜಾಸ್ತಿ ಐತೆ."

"ಅದೊಂದು ಮಾಡಾಕಾಗಲ್ಲ ಚಿಕ್ಕಪ್ಪ" ಅಂದೆ. ಅವರಿಗೆ ಸಿಟ್ಟು ಬಂತು. ಯಾಕೆ ಆಗಲ್ಲ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಹಾಸ್ಟೆಲ್‌ನಲ್ಲೂ ಇದೇ ಪ್ರಶ್ನೆ ಕೇಳೋರು ಇದ್ದಾರೆ.

ಯಾವುದನ್ನ ಮುಟ್ಟಬಾರದು

ಅಮೆರಿಕದಂಥ ಕಡೆ ಹಳೆ ಮಿಲಿಟರಿ ರೈಫಲ್ ಕೊಂಡು, ಮನೆ ಗ್ಯಾರೇಜಿನಲ್ಲೇ ಅದನ್ನ ಬೇಟೆ ಬಂದೂಕಾಗಿ ಬದಲಾಯಿಸೋದು ಒಂದು ಹವ್ಯಾಸ. ಯೂಟ್ಯೂಬ್ ತುಂಬ ಅಂಥ ವಿಡಿಯೋಗಳೇ. ಅದನ್ನ ನೋಡಿ ಇಲ್ಲಿ ಕೈ ಹಾಕಿದರೆ ಜೈಲು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಅದರ 6ನೇ ಸೆಕ್ಷನ್ ಪ್ರಕಾರ ಬಂದೂಕಿನ ನಳಿಗೆ ಕತ್ತರಿಸಿ ಗಿಡ್ಡ ಮಾಡೋದು, ಆಟದ ಬಂದೂಕನ್ನ ನಿಜವಾದ ಬಂದೂಕು ಮಾಡೋದು, ಒಂದು ವರ್ಗದ ಬಂದೂಕನ್ನ ಇನ್ನೊಂದು ವರ್ಗಕ್ಕೆ ಬದಲಾಯಿಸೋದು, ಇವೆಲ್ಲಕ್ಕೂ ಪ್ರತ್ಯೇಕ ಲೈಸೆನ್ಸ್ ಬೇಕು. ಬಂದೂಕು ಇಟ್ಟುಕೊಳ್ಳೋಕೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಇದು ಬರಲ್ಲ. 2019ರ ತಿದ್ದುಪಡಿ ಆದಮೇಲೆ ಇದಕ್ಕೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ.

ಒಂದು ಉದಾಹರಣೆ ನೋಡಿ. ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆ .315 ಸ್ಪೋರ್ಟಿಂಗ್ ರೈಫಲ್ ತಯಾರಿಸುತ್ತೆ. ನೋಡೋಕೆ ಅದು ಹಳೆಯ .303 ಮಿಲಿಟರಿ ರೈಫಲ್‌ನ ತಮ್ಮನ ಹಾಗೇ ಇದೆ, ವಂಶವೂ ಅದೇ. ಆದರೆ .303 ಸಾಮಾನ್ಯ ಜನರಿಗೆ ನಿಷೇಧ, .315 ಲೈಸೆನ್ಸ್ ಮೇಲೆ ಸಿಗುತ್ತೆ. ಕಾನೂನಿನ ಕಣ್ಣಲ್ಲಿ ಈ ಎರಡರ ನಡುವೆ ದೊಡ್ಡ ಗೋಡೆ ಇದೆ.

ಏರ್ ರೈಫಲ್ಲಿಗೂ ಒಂದು ಗೆರೆ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆ ವ್ಯಾಸ 4.5 ಮಿ.ಮೀ. ಒಳಗೆ, ಪೆಲೆಟ್ ಹೊರಬೀಳುವಾಗಿನ ಶಕ್ತಿ 20 ಜೂಲ್ ಒಳಗೆ ಇದ್ದರೆ ಲೈಸೆನ್ಸ್ ಬೇಡ. ದಾಟಿದರೆ ಬೇಕು. ಲೆಕ್ಕ ನಮಗೆ ಪಿಯುಸಿಯಲ್ಲೇ ಬರುತ್ತೆ: ½mv². 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೋದರೆ ಸುಮಾರು 8.1 ಜೂಲ್. ವೇಗ ವರ್ಗದಲ್ಲಿ ಬರೋದರಿಂದ, ವೇಗ ಒಂದೂವರೆ ಪಟ್ಟು ಆದರೆ ಶಕ್ತಿ ಎರಡೂಕಾಲು ಪಟ್ಟು, ಅಂದ್ರೆ 18 ಜೂಲ್ ದಾಟುತ್ತೆ. "ಸ್ವಲ್ಪ ಪವರ್ ಜಾಸ್ತಿ" ಅನ್ನೋದು ಎಷ್ಟು ಬೇಗ ಗೆರೆ ಹತ್ತಿರ ಬರುತ್ತೆ ನೋಡಿ.

ಇನ್ನು ಹಂದಿ ವಿಷಯ. ಪೆಲೆಟ್‌ಗೆ ಹಂದಿ ಸಾಯಲ್ಲ, ಗಾಯ ಮಾಡಿಕೊಂಡು ಎಲ್ಲೋ ಪೊದೆಯಲ್ಲಿ ದಿನಗಟ್ಟಲೆ ನರಳುತ್ತೆ. ಅನುಮತಿ ಇಲ್ಲದೆ ಹೊಡೆಯೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ನವಿಲು, ಕಾಡುಹಕ್ಕಿಗಳಿಗೂ ಇದೇ ಮಾತು. ಪಕ್ಷಿತಜ್ಞ ಸಲೀಂ ಅಲಿ ಹುಡುಗರಾಗಿದ್ದಾಗ ಏರ್ ಗನ್ನಿನಿಂದ ಒಂದು ಗುಬ್ಬಚ್ಚಿ ಹೊಡೆದರು. ಅದರ ಕುತ್ತಿಗೆಯ ಹಳದಿ ಮಚ್ಚೆ ನೋಡಿ ಇದು ಯಾವ ಹಕ್ಕಿ ಅಂತ ಕೇಳಿಕೊಂಡು ಹೋದದ್ದೇ ಅವರ ಬದುಕಿನ ದಾರಿ ಬದಲಿಸಿತು. ನಮಗೆ ಆ ಪಾಠ ಕಲಿಯೋಕೆ ಇನ್ನೊಂದು ಗುಬ್ಬಚ್ಚಿ ಸಾಯಬೇಕಾಗಿಲ್ಲ.

ಹಾಗಾಗಿ ನಾನು ಒಂದು ನಿಯಮ ಹಾಕಿಕೊಂಡೆ: ಸ್ಪ್ರಿಂಗ್, ನಳಿಗೆ, ಟ್ರಿಗರ್ ಒಳಗಿನ ಭಾಗ ಮುಟ್ಟೋದಿಲ್ಲ. ನನ್ನ ಮೈಗೆ ತಾಗೋ ಮರದ ಭಾಗ ಮಾತ್ರ ನನ್ನ ಪ್ರಾಜೆಕ್ಟ್.

ಮೊದಲು ಮರಳಿನ ಡಬ್ಬ

ಮೊದಲ ದಿನವೇ ಒಂದು ತಪ್ಪು ಮಾಡಿದೆ. ಹಿತ್ತಲ ಗೋಡೆಗೆ ಕಡಪಾ ಕಲ್ಲು ಒರಗಿಸಿ, ಅದರ ಮುಂದೆ ಕಾಗದ ಅಂಟಿಸಿ ಹೊಡೆದೆ. ಮೂರನೇ ಪೆಲೆಟ್ ಕಲ್ಲಿಗೆ ಬಡಿದು ವಾಪಸ್ ಬಂದು ಕೆನ್ನೆಗೆ ಚುರ್ ಅಂತ ತಾಗಿತು. ಕಣ್ಣಿಗಿಂತ ಎರಡೇ ಬೆರಳು ಕೆಳಗೆ. ಹಿಂದೆ ತಂಗಿ ನಿಂತು ನೋಡ್ತಾ ಇದ್ದಳು. ಅವತ್ತು ರಾತ್ರಿ ಊಟ ಸರಿಯಾಗಿ ಸೇರಲಿಲ್ಲ.

ಮಾರನೇ ದಿನ ಹಳೆ ಮರದ ಪೆಟ್ಟಿಗೆಗೆ ಮರಳು ತುಂಬಿ, ಮುಂದೆ ಗೋಣಿಚೀಲ ಹೊಡೆದು ಗುರಿ ಪೆಟ್ಟಿಗೆ ಮಾಡಿದೆ. ಪೆಲೆಟ್ ಒಳಗೇ ಉಳಿಯುತ್ತೆ. ಪೆಟ್ಟಿಗೆ ಹಿಂದೆ ಗೋಡೆ, ಪಕ್ಕದಲ್ಲಿ ಓಡಾಟ ಇಲ್ಲದ ಜಾಗ. ವರ್ಕ್‌ಶಾಪ್ ಲ್ಯಾಬಿನಲ್ಲಿ ಹಾಕ್ತೀವಲ್ಲ, ಆ ಕನ್ನಡಕ ನನಗೂ, ನೋಡೋರಿಗೂ ಕಡ್ಡಾಯ. ಹೊಡೆಯೋ ಹೊತ್ತಿಗೆ ಮಾತ್ರ ಪೆಲೆಟ್ ತುಂಬೋದು, ಅಲ್ಲಿವರೆಗೆ ಬೆರಳು ಟ್ರಿಗರ್ ಹೊರಗೆ. ಎನ್‌ಸಿಸಿಯಲ್ಲಿ .22 ರೈಫಲ್ ಹೊಡೆದವರಿಗೆ ಇದೆಲ್ಲ ಗೊತ್ತೇ ಇರುತ್ತೆ. ಅಲ್ಲಿ ಉಸ್ತಾದ್ ಬೈದು ಕಲಿಸಿದ್ದು ಸುಮ್ಮನೆ ಅಲ್ಲ.

ಗುಂಪು ಮೊದಲು, ಗುರಿ ಆಮೇಲೆ

ಈಗ ಬಲೂನು ಅಂಗಡಿ ಪ್ರಶ್ನೆ. 10 ಮೀಟರ್ ದೂರದಿಂದ ಒಂದೇ ಚುಕ್ಕೆಗೆ ಗುರಿ ಇಟ್ಟು ಐದು ಪೆಲೆಟ್ ಹೊಡೀರಿ. ಮಧ್ಯದಲ್ಲಿ ಸೈಟ್ ಮುಟ್ಟಬೇಡಿ. ಆಮೇಲೆ ಕಾಗದ ನೋಡಿ.

ಐದೂ ತೂತು ಒಂದೇ ಕಡೆ ಗುಂಪಾಗಿ, ಆದರೆ ಚುಕ್ಕೆಯಿಂದ ಎಡಕ್ಕೆ ಬಿದ್ದಿದ್ದರೆ ನಿಮ್ಮ ಹಿಡಿತ ಸರಿ ಇದೆ, ಸೈಟ್ ತಿರುಗಿಸಬೇಕು ಅಷ್ಟೇ. ಐದೂ ಐದು ದಿಕ್ಕಿಗೆ ಹೋಗಿದ್ದರೆ ಸೈಟ್ ಎಷ್ಟು ತಿರುಗಿಸಿದರೂ ಉಪಯೋಗ ಇಲ್ಲ, ತೊಂದರೆ ಹಿಡಿತದಲ್ಲಿದೆ. ಮೆಟ್ರಾಲಜಿಯಲ್ಲಿ ಪ್ರಿಸಿಶನ್ ಬೇರೆ, ಆಕ್ಯುರಸಿ ಬೇರೆ ಅಂತ ಬರೆದು ಅಂಕ ತಗೋತೀವಲ್ಲ, ಅದೇ ಇದು. ಜಾತ್ರೆಯಲ್ಲಿ ಒಂದು ಹೊಡೆತ ತಪ್ಪಿದ ಕೂಡಲೇ ಬೈದರೆ ಯಾವುದು ತಪ್ಪು ಅಂತ ಗೊತ್ತಾಗಲ್ಲ. ಐದು ಹೊಡೆದು ನೋಡಿದರೆ ಗೊತ್ತಾಗುತ್ತೆ.

ನನ್ನ ಮೊದಲ ಐದು ತೂತು ಮುಚ್ಚೋಕೆ ಟೀ ಲೋಟದ ಬಾಯಿ ಬೇಕಾಯಿತು. ಅಂದ್ರೆ ಹಿಡಿತದ ತಪ್ಪು.

ಸ್ಟಾಕ್ ಅಳತೆ

ರೈಫಲ್ಲಿನ ಮರದ ಭಾಗಕ್ಕೆ ಸ್ಟಾಕ್ ಅಂತಾರೆ. ಅದರ ಹಿಂಬದಿ ಭುಜಕ್ಕೆ, ಮೇಲುಭಾಗ ಕೆನ್ನೆಗೆ ತಾಗುತ್ತೆ. ಅಂಗಡಿಯಿಂದ ಬರೋ ಸ್ಟಾಕ್ ರೆಡಿಮೇಡ್ ಅಂಗಿ ಇದ್ದ ಹಾಗೆ, ಸರಾಸರಿ ಮನುಷ್ಯನಿಗೆ ಹೊಲಿದದ್ದು. ನಾನು ಉದ್ದ, ಚಿಕ್ಕಪ್ಪ ಗಿಡ್ಡ. ಇಬ್ಬರಿಗೂ ಒಂದೇ ಅಂಗಿ ಹೇಗೆ ಆಗುತ್ತೆ?

ಮೊದಲ ಅಳತೆ ಉದ್ದದ್ದು. ಮೊಣಕೈ 90 ಡಿಗ್ರಿ ಮಡಚಿ, ಸ್ಟಾಕಿನ ಹಿಂಬದಿಯನ್ನ ಮೊಣಕೈ ಒಳಮಡಿಕೆಗೆ ಇಟ್ಟರೆ ತೋರುಬೆರಳಿನ ಮೊದಲ ಗೆಣ್ಣು ಸಲೀಸಾಗಿ ಟ್ರಿಗರ್‌ಗೆ ತಾಗಬೇಕು. ನನ್ನ ಬೆರಳು ಟ್ರಿಗರ್ ದಾಟಿ ಮುಂದೆ ಹೋಗ್ತಿತ್ತು. ಅಂದ್ರೆ ಸ್ಟಾಕ್ ಗಿಡ್ಡ. ಬೆರಳಿನ ಬುಡದಿಂದ ಎಳೆದರೆ ರೈಫಲ್ ಪಕ್ಕಕ್ಕೆ ಎಳೆಯುತ್ತೆ.

ಎರಡನೇದು ಕೆನ್ನೆಯ ಎತ್ತರ. ಕಣ್ಣು ಮುಚ್ಚಿ ರೈಫಲ್ ಭುಜಕ್ಕೆ ಏರಿಸಿ, ಕೆನ್ನೆ ಆರಾಮಾಗಿ ಇಡಿ. ಈಗ ಕಣ್ಣು ತೆರೆದರೆ ಹಿಂದಿನ, ಮುಂದಿನ ಸೈಟ್ ಎರಡೂ ಸಾಲಾಗಿ ಕಾಣಬೇಕು. ನನಗೆ ಹಿಂದಿನ ಸೈಟಿನ ಬೆನ್ನು ಮಾತ್ರ ಕಾಣ್ತಿತ್ತು, ಸರಿಯಾಗಿ ಕಾಣೋಕೆ ಕೆನ್ನೆ ಎತ್ತಿ ಗಾಳಿಯಲ್ಲಿ ಇಡಬೇಕಿತ್ತು. ಆಸರೆ ಇಲ್ಲದ ತಲೆ ಪ್ರತಿ ಸಲ ಬೇರೆ ಬೇರೆ ಜಾಗಕ್ಕೆ ಕೂರುತ್ತೆ.

ಎಷ್ಟು ವ್ಯತ್ಯಾಸ ಆದೀತು ಅಂತೀರಾ? ಎರಡು ಸೈಟ್‌ಗಳ ನಡುವೆ 45 ಸೆಂ.ಮೀ. ಇದೆ ಅಂದುಕೊಳ್ಳಿ. ಅವೆರಡರ ಸಾಲು 0.5 ಮಿ.ಮೀ. ತಪ್ಪಿದರೆ 10 ಮೀಟರ್‌ನಲ್ಲಿ 0.5 × 10 ÷ 0.45, ಅಂದ್ರೆ ಸುಮಾರು 11 ಮಿ.ಮೀ. ತಪ್ಪುತ್ತೆ. ಸ್ಪರ್ಧೆಯ 10 ಮೀಟರ್ ಏರ್ ರೈಫಲ್ ಗುರಿ ಹಾಳೆಯಲ್ಲಿ ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ., ಇಡೀ ಗುರಿಯೇ 45.5 ಮಿ.ಮೀ. ಅಗಲ. ಅಲ್ಲಿ ಇದು ಎಷ್ಟು ದೊಡ್ಡ ತಪ್ಪು ನೀವೇ ಯೋಚಿಸಿ.

ಪರಿಹಾರ ಸರಳ. ಊರಿನ ಬಡಗಿ ಒಬ್ಬರ ಹತ್ತಿರ ತೇಗದ ಚೂರು ತಂದು, ಹಿಂಬದಿಗೆ ಕೂರೋ ಹಾಗೆ 1 ಸೆಂ.ಮೀ. ದಪ್ಪದ ಮೂರು ಹಲಗೆ ಬಿಲ್ಲೆ ಮಾಡಿಸಿದೆ. ಎಷ್ಟು ಬೇಕೋ ಅಷ್ಟು ಸೇರಿಸಬಹುದು, ಬೇಡ ಅಂದ್ರೆ ತೆಗೀಬಹುದು. ಕೆನ್ನೆಗೆ ಥರ್ಮಾಕೋಲ್‌ನಲ್ಲಿ ಮಾದರಿ ಕೊರೆದು, ನಾಲ್ಕು ದಿನ ಟೇಪ್ ಸುತ್ತಿ ಪರೀಕ್ಷೆ ಮಾಡಿ, ಸರಿ ಅನ್ನಿಸಿದ ಮೇಲೆ ಮರದಲ್ಲಿ ಮಾಡಿ ಮೇಲೆ ತೊಗಲು ಹೊದಿಸಿದೆ. ಕ್ಯಾಂಪಸ್‌ನಲ್ಲಿ 3ಡಿ ಪ್ರಿಂಟರ್ ಇರೋರು ಈ ಕೆನ್ನೆ ಆಸರೆಯನ್ನ ಪ್ರಿಂಟ್ ಮಾಡಬಹುದು. ಆದರೆ ರೈಫಲ್ ಮಾತ್ರ ಕ್ಯಾಂಪಸ್‌ಗೂ ಹಾಸ್ಟೆಲ್‌ಗೂ ತರಬೇಡಿ, ಅಳತೆ ಬರೆದುಕೊಂಡು ಬನ್ನಿ ಸಾಕು.

ತೂಕ ಎಲ್ಲಿ, ಹಿಡಿತ ಹೇಗೆ

ನಿಂತು ಹೊಡೆಯುವಾಗ ನಳಿಗೆ ತುದಿ ತೂಗಾಡುತ್ತೆ. ಅದನ್ನ ನಿಧಾನ ಮಾಡೋಕೆ ಶೂಟರ್‌ಗಳು ಮುಂದೆ ಚಿಕ್ಕ ತೂಕ ಕಟ್ಟುತ್ತಾರೆ. ಜಡತ್ವದ ಮೊಮೆಂಟ್ mr². 200 ಗ್ರಾಂ ತೂಕವನ್ನ ಹಿಡಿತದಿಂದ 30 ಸೆಂ.ಮೀ. ದೂರದಲ್ಲಿ ಕಟ್ಟಿದರೆ 0.018, 60 ಸೆಂ.ಮೀ. ದೂರದಲ್ಲಿ ಕಟ್ಟಿದರೆ 0.072 ಕೆ.ಜಿ. ಮೀ². ತೂಕ ಅದೇ, ಪರಿಣಾಮ ನಾಲ್ಕು ಪಟ್ಟು. ಆದರೆ ಜಾಸ್ತಿ ಆದರೆ ಕೈ ಸೋತು ಇನ್ನೂ ನಡುಗುತ್ತೆ. ಸ್ಪರ್ಧೆಯಲ್ಲೂ ಏರ್ ರೈಫಲ್ 5.5 ಕೆ.ಜಿ. ಮೀರುವ ಹಾಗಿಲ್ಲ.

ಸ್ಪ್ರಿಂಗ್ ರೈಫಲ್ಲಿಗೆ ಇನ್ನೊಂದು ಗುಟ್ಟಿದೆ. ಟ್ರಿಗರ್ ಎಳೆದಾಗ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನ ಒತ್ತುತ್ತೆ. ನ್ಯೂಟನ್ನನ ಮೂರನೇ ನಿಯಮದಂತೆ ರೈಫಲ್ ಹಿಂದಕ್ಕೆ ಜಗ್ಗುತ್ತೆ, ಪೆಲೆಟ್ ಇನ್ನೂ ನಳಿಗೆಯಲ್ಲೇ ಇರುವಾಗಲೇ. ಗಟ್ಟಿಯಾಗಿ ಅದುಮಿ ಹಿಡಿದರೆ ಪ್ರತಿ ಸಲ ಬೇರೆ ಬೇರೆ ಬಲ ಬಿದ್ದು ಬೇರೆ ಬೇರೆ ಕಡೆ ಹೋಗುತ್ತೆ. ಎಡ ಅಂಗೈ ಮೇಲೆ ಹಗುರವಾಗಿ ಮಲಗಿಸಿ, ಅದು ಜಗ್ಗೋಕೆ ಬಿಟ್ಟರೆ ಪ್ರತಿ ಸಲ ಒಂದೇ ರೀತಿ ಜಗ್ಗುತ್ತೆ. ಚಿಕ್ಕಪ್ಪ ಕೇಳಿದ ಗಟ್ಟಿ ಸ್ಪ್ರಿಂಗ್ ಹಾಕಿದ್ದರೆ ಈ ಜಗ್ಗಾಟ ಇನ್ನೂ ಹೆಚ್ಚಾಗಿ, ಇದ್ದ ಗುರಿಯೂ ಹಾಳಾಗ್ತಿತ್ತು.

ಇಷ್ಟೆಲ್ಲ ಆದಮೇಲೆ ಐದು ತೂತೂ ಒಂದು ಐದು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿಹೋದವು. ಆದರೆ ಗುಂಪು 20 ಮಿ.ಮೀ. ಎಡಕ್ಕಿತ್ತು. ಈಗ ಸೈಟ್ ಸರದಿ. ಪೆಲೆಟ್ ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನ ಆ ಕಡೆಗೇ ಸರಿಸಬೇಕು. ಎಷ್ಟು? 20 × 0.45 ÷ 10, ಅಂದ್ರೆ ಬಲಕ್ಕೆ 0.9 ಮಿ.ಮೀ.

ಬೀಜಿಂಗಿನಲ್ಲಿ ಕೆಲವು ನಿಮಿಷ

ಇದೆಲ್ಲ ಹಿತ್ತಲ ಆಟ ಅನ್ನಿಸಬಹುದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್ ಫೈನಲ್‌ಗೆ ಮುಂಚೆ ಅಭ್ಯಾಸದ ಗುಂಡು ಹೊಡೆದಾಗ ಅದು ಹತ್ತರ ಹತ್ತಿರಕ್ಕೂ ಹೋಗಲಿಲ್ಲ, ಸೈಟ್ ಜಾಗ ತಪ್ಪಿತ್ತು. ಗಾಬರಿಯಾಗಿ ಹಿಡಿತ ಬದಲಾಯಿಸಿದ್ದರೆ ಕಥೆ ಮುಗೀತಿತ್ತು. ಅವರು ತಮ್ಮ ಹಿಡಿತವನ್ನ ನಂಬಿ, ಇದ್ದ ಕೆಲವೇ ನಿಮಿಷಗಳಲ್ಲಿ ಸೈಟ್ ಸರಿಮಾಡಿಕೊಂಡರು. ಕೊನೆಯ ಹೊಡೆತ 10.8, ಒಟ್ಟು 700.5, ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ. ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಇದೇ 10 ಮೀಟರ್ ಏರ್ ರೈಫಲ್ಲಿನಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ಬೆಳ್ಳಿ ಗೆದ್ದು ದೇಶಕ್ಕೆ ಒಲಿಂಪಿಕ್ ಕೋಟಾ ತಂದರು. ಅವರ ರೈಫಲ್‌ಗಳು ಸ್ಪ್ರಿಂಗ್ ಅಲ್ಲ, ಸಿಲಿಂಡರ್‌ನ ಒತ್ತಿದ ಗಾಳಿಯವು, ಬೆಲೆ ಲಕ್ಷಗಟ್ಟಲೆ. ಆದರೆ ಆ ದುಬಾರಿ ರೈಫಲ್ ನೋಡಿ: ಕೆನ್ನೆ ಆಸರೆ, ಹಿಂಬದಿ, ಅಂಗೈ ಆಸರೆ ಎಲ್ಲಕ್ಕೂ ಸ್ಕ್ರೂ. ಮೇಲೆ, ಕೆಳಗೆ, ಉದ್ದ, ಗಿಡ್ಡ. ಅಲ್ಲೂ ಮೈಗೆ ಹೊಂದಿಸೋದೇ ಮುಖ್ಯ.

ಕೊನೆಗೆ ಚಿಕ್ಕಪ್ಪನ ಸಿಟ್ಟು ಏನಾಯಿತು? ರಜೆ ಮುಗಿಯೋ ಹೊತ್ತಿಗೆ ಒಂದು ಸಂಜೆ ಅವರೇ ಬಂದು "ಕೊಡಲೇ ಇಲ್ಲಿ, ನಾನೊಂದು ಕೈ ನೋಡ್ತೀನಿ" ಅಂದರು. ನಾನು ಹಿಂಬದಿಯ ಮೂರು ಬಿಲ್ಲೆಯಲ್ಲಿ ಎರಡು ಬಿಚ್ಚಿ ಕೊಟ್ಟೆ. ಐದು ಹೊಡೆದು, ಕಾಗದ ಬಿಚ್ಚಿಕೊಂಡು ಬಂದು ಬೆಳಕಿಗೆ ಹಿಡಿದು ನೋಡಿದರು. ಆ ಕಾಗದ ಈಗಲೂ ನಡುಮನೆ ಕ್ಯಾಲೆಂಡರ್ ಮೊಳೆಗೆ ಸಿಕ್ಕಿಸಿದೆ. ಹೊಲಕ್ಕೆ ಬೇಲಿ ಗಟ್ಟಿ ಮಾಡಿಸ್ತಾ ಇದ್ದಾರೆ. ಮುಂದಿನ ರಜೆಗೆ ಬರುವಾಗ ಇನ್ನೊಂದು ಡಬ್ಬಿ ಪೆಲೆಟ್ ತಗೊಂಡು ಬಾ ಅಂತ ಫೋನ್ ಮಾಡಿದ್ದರು. ಸ್ಪ್ರಿಂಗ್ ವಿಷಯ ಎತ್ತಲಿಲ್ಲ.