ಬಟಾಣಿಯಷ್ಟು ಗ್ರಂಥಿ

ಕಳೆದ ತಿಂಗಳು ಕಚೇರಿ ಮುಗಿಸಿ ಪಾರ್ಕ್ ಸ್ಟ್ರೀಟಿನಲ್ಲಿ ನಡೆದು ಬರುತ್ತಿದ್ದಾಗ ಏಷಿಯಾಟಿಕ್ ಸೊಸೈಟಿಯ ಎದುರಿಗೆ ನಮ್ಮ ಕಡೆಯ ಮಿತ್ರರೊಬ್ಬರು ಸಿಕ್ಕಿದರು. ಕೈಯಲ್ಲಿ ಔಷಧದ ಚೀಟಿ. "ತಲೆಯಲ್ಲಿ ಗೆಡ್ಡೆ ಅಂತಾರೆ ಸಾರ್. ಊರಲ್ಲಿ ಅಮ್ಮನಿಗೆ ಏನಂತ ಹೇಳಲಿ?" ಎಂದರು.

ಗೆಡ್ಡೆ ಇದ್ದುದು ಅವರ ಮನೆಯವರಿಗೆ. ಮದುವೆಯಾಗಿ 4 ವರ್ಷ. ಮುಟ್ಟು ನಿಂತಿತ್ತು, ಹೆರದೆಯೇ ಎದೆಹಾಲು ಒಸರುತ್ತಿತ್ತು. ಸಂಕೋಚದಿಂದ ಆಕೆ ಯಾರಿಗೂ ಹೇಳಿರಲಿಲ್ಲ. ಊರಿನವರು ಹರಕೆ ಹೊತ್ತರು, ಬಂಜೆಯೆಂಬ ಮಾತನ್ನೂ ಆಡಿದರು. ಕೊನೆಗೊಬ್ಬ ಡಾಕ್ಟರು ಒಂದು ರಕ್ತಪರೀಕ್ಷೆ ಬರೆದುಕೊಟ್ಟರು. ಕಾರಣ ಅದರಲ್ಲಿ ಗೊತ್ತಾಯಿತು.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇದನ್ನು ಬರೆಯಬಹುದೇ ಎಂದು ನಾವೂ ಅನುಮಾನಿಸಿದೆವು. ಅಂಥ ಸಂಕೋಚದಿಂದಲೇ ಅಲ್ಲವೇ ಆಕೆಗೆ 4 ವರ್ಷ ಹೋದದ್ದು?

ಪಿಟ್ಯುಟರಿ ಗ್ರಂಥಿ ಮೂಗಿನ ಹಿಂದೆ, ಮಿದುಳಿನ ಬುಡದಲ್ಲಿ, ಎಲುಬಿನ ಪುಟ್ಟ ಗುಳಿಯೊಳಗಿದೆ. ಬಟಾಣಿಯಷ್ಟೇ ಗಾತ್ರ. ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಅಲ್ಲಿ ಹುಟ್ಟುತ್ತದೆ; ಮಿದುಳು ಡೋಪಮೈನ್ ಎಂಬ ವಸ್ತುವಿನಿಂದ ಅದನ್ನು ಹತೋಟಿಯಲ್ಲಿಡುತ್ತದೆ. ಅಲ್ಲಿ ಬೆಳೆಯುವ ಗೆಡ್ಡೆಗಳು ಬಹುಪಾಲು ಕ್ಯಾನ್ಸರ್ ಅಲ್ಲ. ಆದರೆ ದೊಡ್ಡದಾದರೆ ಮೇಲೆ ಹಾಯುವ ಕಣ್ಣಿನ ನರಗಳನ್ನು ಅದುಮುತ್ತವೆ.

ಔಷಧದ ಕಥೆ ಸ್ವಾರಸ್ಯವಾಗಿದೆ. ರೈ ಎಂಬ ಧಾನ್ಯದ ತೆನೆಗೆ ಅರ್ಗಟ್ ಎಂಬ ವಿಷದ ಬೂಷ್ಟು ಹತ್ತುತ್ತದೆ. (ನಮ್ಮ ಸಜ್ಜೆಯ ತೆನೆಗೂ ಅದರ ದಾಯಾದಿಯೊಂದು ತಗಲುವುದುಂಟು.) ಅದನ್ನು ತಿಂದ ಪ್ರಾಣಿಗಳಿಗೆ ಹಾಲು ಬತ್ತುತ್ತದೆ. 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಪ್ರಯೋಗಾಲಯದಲ್ಲಿ ಎಡ್ವರ್ಡ್ ಫ್ಲೂಕಿಗರ್ ಮತ್ತು ಸಂಗಡಿಗರು ಅರ್ಗಟಿನ ಸತ್ವವೊಂದಕ್ಕೆ ಬ್ರೋಮಿನ್ ಕೂಡಿಸಿದ ಬ್ರೊಮೊಕ್ರಿಪ್ಟಿನ್ ಎಂಬ ಸಂಯುಕ್ತವನ್ನು ಇಲಿಗಳ ಮೇಲೆ ಪರೀಕ್ಷಿಸಿದರು. ಮನುಷ್ಯರಲ್ಲಿ ಪ್ರೊಲ್ಯಾಕ್ಟಿನ್ ಬೇರೆಯೇ ಒಂದು ಹಾರ್ಮೋನೆಂದು ಖಚಿತವಾದುದು 1970ರ ಸುಮಾರಿಗೆ. ಬೀಗ ಕಾಣುವ ಮೊದಲೇ ಕೀಲಿಕೈ ಸಿದ್ಧ! ಡೋಪಮೈನಿನ ಕೆಲಸವನ್ನೇ ಮಾಡುವ ಈ ಔಷಧ ಪ್ರೊಲ್ಯಾಕ್ಟಿನ್ ಗೆಡ್ಡೆಗಳಲ್ಲಿ ಹೆಚ್ಚಿನವನ್ನು ಕುಗ್ಗಿಸುತ್ತದೆ. ಆಮೇಲೆ ಬಂದ ಕ್ಯಾಬರ್ಗೋಲಿನ್ ವಾರಕ್ಕೆ ಒಂದೆರಡು ಬಾರಿ ನುಂಗಿದರೆ ಸಾಕು. ಪಿಟ್ಯುಟರಿಯ ಬೇರೆ ಗೆಡ್ಡೆಗಳಿಗೆ ಸಾಮಾನ್ಯವಾಗಿ ಮೂಗಿನ ಮೂಲಕ ಶಸ್ತ್ರಚಿಕಿತ್ಸೆ.

ಈ ಲೆಕ್ಕದ ಇನ್ನೊಂದು ಮಗ್ಗುಲಲ್ಲಿ ನಮ್ಮ ಕಲ್ಕತ್ತೆಯೂ ಇದೆ. ಸರ್ಪಗಂಧದ ಬೇರು ರಕ್ತದೊತ್ತಡಕ್ಕೂ ಚಿತ್ತಭ್ರಮೆಗೂ ಮದ್ದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಪ್ರಕಟಿಸಿದರು. 1952ರಲ್ಲಿ ಅದೇ ಬಾಸೆಲ್‌ನ ಸೀಬಾ ಕಂಪನಿಯವರು ಆ ಬೇರಿನಿಂದ ರೆಸರ್ಪಿನ್ ತೆಗೆದರು. ಅದು ಡೋಪಮೈನನ್ನು ಬರಿದು ಮಾಡುವುದರಿಂದ ಪ್ರೊಲ್ಯಾಕ್ಟಿನ್ ಏರಿ, ಕೆಲವರಿಗೆ ಹಾಲು ಬಂದದ್ದುಂಟು. ವಾಂತಿಗೆ, ಮನೋರೋಗಕ್ಕೆ ಇಂದು ಕೊಡುವ ಕೆಲವು ಗುಳಿಗೆಗಳೂ ಹೀಗೆ ಮಾಡುತ್ತವೆ. ಆದ್ದರಿಂದ ಹಾಲು ಕಂಡೊಡನೆ ಗೆಡ್ಡೆಯೆಂದು ಹೆದರಬೇಕಿಲ್ಲ. ನುಂಗುತ್ತಿರುವ ಔಷಧಗಳ ಚೀಟಿಗಳನ್ನೆಲ್ಲ ಡಾಕ್ಟರಿಗೆ ತೋರಿಸತಕ್ಕದ್ದು. ತಾವಾಗಿಯೇ ನಿಲ್ಲಿಸಬಾರದು.

ಮಿತ್ರರು ಅಂದು ರಾತ್ರಿಯೇ ಊರಿಗೆ ಫೋನು ಮಾಡಿದರಂತೆ. ಹರಕೆಯ ಮಾತು ಇನ್ನೂ ನಿಂತಿಲ್ಲ. ಗುಳಿಗೆ ಮಾತ್ರ ವಾರಕ್ಕೆ ಎರಡು ಬಾರಿ ತಪ್ಪದೆ ನಡೆದಿದೆ.